ಪ್ರೆಬೆನ್‌ನ ಗುಣಗಾನ

ಟೋವೆಗೆ ಪ್ರೆಬೆನ್‌ನ ಮೇಲೆ ಮನಸ್ಸಾಗಿದೆ ಎಂದು ಇಡೀ ಆಫೀಸು ತೀರ್ಮಾನಿಸಿದ್ದು ಮಂಗಳವಾರ, ಊಟದ ಹೊತ್ತಿನಲ್ಲಿ. ಸಾಕ್ಷಿ ಕಣ್ಣೆದುರೇ ಇತ್ತು. ಮೂಲೆಯ ಮೇಜಿನಲ್ಲಿ ಇಬ್ಬರೂ ಒಂದೇ ಕಂಪ್ಯೂಟರಿನ ಮುಂದೆ ತಲೆಗೆ ತಲೆ ತಾಗಿಸಿ ಕುಳಿತಿದ್ದರು. ಟೋವೆ ಟೈಪು ಮಾಡುತ್ತಿದ್ದಳು, ಪ್ರೆಬೆನ್ ಅವಳ ಡಬ್ಬಿಯಿಂದ ಮೀನು ಹಚ್ಚಿದ ರೈ ಧಾನ್ಯದ ಕಪ್ಪು ಬ್ರೆಡ್ಡು ಎತ್ತಿ ತಿನ್ನುತ್ತಿದ್ದ. ಅವಳು ತಡೆಯಲಿಲ್ಲ. ತನ್ನ ಬ್ರೆಡ್ಡಿನ ವಿಷಯದಲ್ಲಿ ಟೋವೆ ಅಂಥ ಧಾರಾಳಿಯೇನಲ್ಲ.

ನಿಜ ಹೇಳಬೇಕೆಂದರೆ ಅವಳಿಗೆ ಅವನ ಮುಖ ಕಂಡರಾಗುತ್ತಿರಲಿಲ್ಲ.

ಡೆನ್ಮಾರ್ಕಿನ ರಾಂಡರ್ಸ್ ಊರಿನ ಆ ಕಂಪನಿ ಹಾಲು ತಂಪಾಗಿಡುವ ಟ್ಯಾಂಕುಗಳನ್ನು ಮಾಡುತ್ತಿತ್ತು. ಟ್ಯಾಂಕು ಕೈಕೊಟ್ಟು ಹಾಲು ಒಡೆದಾಗ ರೈತರು ಫೋನ್ ಮಾಡಿ ಉಗಿಯುತ್ತಿದ್ದದ್ದು ದೂರು ವಿಭಾಗಕ್ಕೆ. ಅಲ್ಲಿ ಇಪ್ಪತ್ತು ವರ್ಷದಿಂದ ಉಗಿಸಿಕೊಂಡು, ಉಗಿದವರನ್ನು ಸಮಾಧಾನ ಮಾಡಿ ಕಳಿಸುತ್ತಿದ್ದವಳು ಟೋವೆ. ವಿಭಾಗದ ಮುಖ್ಯಸ್ಥ ಬೇಸಿಗೆಯಲ್ಲಿ ನಿವೃತ್ತನಾಗಲಿದ್ದ. ಆ ಕುರ್ಚಿ ತನಗೇ ಬರಬೇಕೆಂದು ಟೋವೆ ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ. ಡೆನ್ಮಾರ್ಕಿನಲ್ಲಿ ತನ್ನನ್ನು ತಾನೇ ಹೊಗಳಿಕೊಂಡವರನ್ನು ವರ್ಷಗಟ್ಟಲೆ ಗೇಲಿ ಮಾಡುತ್ತಾರೆ, ಮಾನವಂತರು ಆ ಕೆಲಸಕ್ಕೆ ಇಳಿಯುವುದಿಲ್ಲ. ಕುರ್ಚಿ ಬರುವುದರಲ್ಲಿ ಅವಳಿಗೆ ಅನುಮಾನವೂ ಇರಲಿಲ್ಲ. ಆದರೆ ಅದರ ಜೊತೆಗೆ ಪ್ರೆಬೆನ್ ಕೂಡ ತನ್ನ ಕೊರಳಿಗೆ ಗಂಟುಬೀಳುತ್ತಾನಲ್ಲ ಎಂದು ನೆನೆದರೆ ಮೈ ಉರಿಯುತ್ತಿತ್ತು.

ಪ್ರೆಬೆನ್ ಫೋನ್ ಎತ್ತುತ್ತಿರಲಿಲ್ಲ. ತನ್ನ ಕಡತಗಳನ್ನು ನಗುನಗುತ್ತಲೇ ಬೇರೆಯವರ ಮೇಜಿಗೆ ದಾಟಿಸುತ್ತಿದ್ದ. ಮೀಟಿಂಗಿನಲ್ಲಿ ಕಣ್ಣು ತೆರೆದುಕೊಂಡೇ ನಿದ್ದೆ ಹೊಡೆಯುವ ವಿದ್ಯೆ ಅವನಿಗೆ ಸಿದ್ಧಿಸಿತ್ತು. ಶುಕ್ರವಾರದ ತಿಂಡಿಗೆ ಎಲ್ಲರಿಗೂ ಬನ್ನು ತರುವ ಸರದಿ ತನ್ನದಾದಾಗಲೆಲ್ಲ ಅವನಿಗೆ ಜ್ವರ ಬರುತ್ತಿತ್ತು. ಆದರೂ ಅವನ ಮೇಲೆ ದೂರು ಕೊಡುವವರಿಲ್ಲ. ಎದುರಿಗೆ ನಿಂತು ಒಬ್ಬರ ತಪ್ಪು ಎತ್ತಿ ಆಡುವುದೂ ಅಲ್ಲಿನವರಿಗೆ ಆಗಿಬರದ ಸಂಗತಿಯೇ.

ಓಡಿಸಲಾಗದವನನ್ನು ಬೇರೆ ಯಾರಾದರೂ ಎತ್ತಿಕೊಂಡು ಹೋಗುವಂತೆ ಮಾಡುವುದೆಂದು ಟೋವೆ ನಿಶ್ಚಯಿಸಿದಳು. ಕೆಲಸ ಹುಡುಕುವವರೂ ಕೊಡುವವರೂ ಸೇರುವ ಜಾಲತಾಣದಲ್ಲಿ ಅವನದೊಂದು ಪ್ರೊಫೈಲ್ ಇತ್ತು. ಅದರಲ್ಲಿ ಬರೆದದ್ದಿಷ್ಟೇ: ಫೆರಿ ಹಡಗಿನಲ್ಲಿ ಸಾಸೇಜ್ ಮಾರಿದೆ, ಆಮೇಲೆ ಗೋದಾಮಿನಲ್ಲಿದ್ದೆ, ಈಗ ಇಲ್ಲಿದ್ದೇನೆ.

"ಏನ್ ಮಾಡ್ತಿದ್ದೆ ಅನ್ನೋದು ಯಾರಿಗ್ ಬೇಕು?" ಎಂದಳು ಟೋವೆ. "ನೀನು ಮಾಡಿದ್ರಿಂದ ಏನಾಯ್ತು ಅಂತ ಬರೀಬೇಕು. ಫೆರಿಯಲ್ಲಿ ಏನಾಯ್ತು, ಹೇಳು."

"ಸಾಸೇಜ್ ಖಾಲಿ ಆಗ್ತಿತ್ತು. ಅರ್ಧ ನಾನೇ ತಿಂತಿದ್ದೆ."

ಪ್ರತಿ ಪಯಣದಲ್ಲೂ ದಾಸ್ತಾನು ಪೂರ್ತಿ ಖಾಲಿ ಮಾಡಿದ ಸಾಧನೆ, ಎಂದು ಟೋವೆ ಬರೆದಳು. ಫೋನ್ ಎತ್ತದಿರುವುದು ಗ್ರಾಹಕರನ್ನು ಸ್ವಾವಲಂಬಿಗಳಾಗಿಸುವ ಸೇವೆಯಾಯಿತು. ಕಡತ ದಾಟಿಸುವುದು ಸಹೋದ್ಯೋಗಿಗಳನ್ನು ನಂಬಿ ಹೊಣೆ ಹಂಚುವ ನಾಯಕತ್ವವಾಯಿತು. ನಿದ್ದೆ, ಎಂಥ ಒತ್ತಡದಲ್ಲೂ ಕದಡದ ಮನಸ್ಸಾಯಿತು. ಇಷ್ಟೆಲ್ಲದರಲ್ಲಿ ಒಂದೇ ಒಂದು ಸುಳ್ಳೂ ಇರಲಿಲ್ಲ, ಅದೇ ಅವಳ ಹೆಮ್ಮೆ. ಕೊನೆಗೆ ತನ್ನ ಹೆಸರಿನಲ್ಲೇ ಒಂದು ಶಿಫಾರಸನ್ನೂ ಹಾಕಿದಳು: ಇಂಥವನು ಸಿಗಬೇಕಾದರೆ ಸಂಸ್ಥೆ ಪುಣ್ಯ ಮಾಡಿರಬೇಕು.

ಪ್ರೆಬೆನ್ ಎಲ್ಲವನ್ನೂ ನಿಧಾನವಾಗಿ ಓದಿ, ತುಟಿಯ ಬೆಣ್ಣೆ ಒರೆಸಿಕೊಂಡ. "ಇಷ್ಟೆಲ್ಲಾ ಯಾಕೆ ಮಾಡ್ತಿದೀಯ ಟೋವೆ?"

"ನೀನು ಉದ್ಧಾರ ಆಗ್ಲಿ ಅಂತ."

ನಿನ್ನ ಪ್ರೊಫೈಲಿನಲ್ಲಿ ಏನಿದೆ ಎಂದು ಅವನು ಕೇಳಿದ. 'ದೂರು ವಿಭಾಗದಲ್ಲಿ ಸಹಾಯ ಮಾಡುತ್ತೇನೆ' ಎಂಬ ಒಂದೇ ಸಾಲಿತ್ತು. ತನಗೆ ಅಲಂಕಾರದ ಅಗತ್ಯವಿಲ್ಲ, ತಾನು ಏನೆಂದು ಇಲ್ಲಿ ಎಲ್ಲರಿಗೂ ಗೊತ್ತು ಎಂದಳು ಟೋವೆ.

"ನಿನ್ನ ನೋಡಿ ನಾನೂ ಒಂದಿಷ್ಟು ಕಲಿತೆ," ಎಂದು ಪ್ರೆಬೆನ್ ಉಳಿದ ಬ್ರೆಡ್ಡನ್ನೂ ಎತ್ತಿಕೊಂಡು ಹೋದ.

ಗಾಳಕ್ಕೆ ಮೀನು ಬೀಳಲು ಹೆಚ್ಚು ದಿನ ಹಿಡಿಯಲಿಲ್ಲ. ಪಕ್ಕದೂರಿನ ಎದುರಾಳಿ ಕಂಪನಿಯವರು ಪ್ರೆಬೆನ್‌ನನ್ನು ಕಾಫಿಗೆ ಕರೆದರು, ಮತ್ತೆ ಕರೆದರು. ಟೋವೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೀಳ್ಕೊಡುಗೆಗೆಂದು ಸ್ಟ್ರಾಬೆರಿ ಕೇಕಿಗೂ ಹೇಳಿಬಿಟ್ಟಳು, ದುಡ್ಡು ತನ್ನದೇ.

ಕೇಕು ಬಂದ ದಿನವೇ ಕಂಪನಿಯ ನಿರ್ದೇಶಕಿ ವಿಬೆಕೆ ಅವಳನ್ನು ಒಳಗೆ ಕರೆದು, ತಾನೇ ಕಾಫಿ ಬಗ್ಗಿಸಿ ಕೊಟ್ಟಳು.

"ಪ್ರೆಬೆನ್‌ನನ್ನ ಬೇರೆಯೋರು ಎಳೀತಿದಾರೆ. ಅವನ ಬಗ್ಗೆ ನೀನು ಬರೆದಿದ್ದು ಓದಿದೆ ಟೋವೆ. ನಮ್ಮಲ್ಲೇ ಇಂಥವನು ಇದಾನೆ ಅಂತ ನಮಗೇ ಗೊತ್ತಿರ್ಲಿಲ್ಲ."

ಟೋವೆ ಕಪ್ಪನ್ನು ಮೇಜಿನ ಮೇಲಿಟ್ಟಳು.

"ಮುಖ್ಯಸ್ಥನ ಜಾಗ ಕೊಟ್ಟು ಉಳಿಸ್ಕೊಂಡಿದೀವಿ. ಮೊದ್ಲು ನಿನ್ನನ್ನೇ ಕೇಳೋಣ ಅಂತಿದ್ದೆ. ಆದ್ರೆ ನಿನ್ನ ಪ್ರೊಫೈಲೂ ನೋಡಿದೆ. ಸಹಾಯ ಮಾಡ್ಕೊಂಡಿರೋದೇ ನಿನಗಿಷ್ಟ ಅಂತ ಕಾಣುತ್ತೆ, ಒತ್ತಾಯ ಮಾಡೋದು ಬೇಡ ಅನ್ನಿಸ್ತು."

ಬರೆದದ್ದೆಲ್ಲ ಬರೀ ಬಣ್ಣ ಎನ್ನಬಹುದಿತ್ತು, ಆಗ ತಾನು ಮೋಸಗಾತಿಯಾಗುತ್ತಿದ್ದಳು. ಆ ಜಾಗಕ್ಕೆ ತಕ್ಕವಳು ನಾನೇ ಎನ್ನಬಹುದಿತ್ತು, ಆ ಮಾತನ್ನು ಅವಳ ನಾಲಿಗೆ ಹುಟ್ಟಿದಾಗಿನಿಂದ ಆಡಿರಲಿಲ್ಲ. ಅವಳು ಕಾಫಿ ಕುಡಿದಳು. ಹೊರಗೆ ಬಂದು, ಒಳಗೊಳಗೇ ಕುದಿಯುತ್ತ, ಅವನ ಬಡ್ತಿಗೆ ತನ್ನ ಕೈಯಾರೆ ಕೇಕು ಕತ್ತರಿಸಿ ಹಂಚಿದಳು. ದೊಡ್ಡ ತುಂಡು ಪ್ರೆಬೆನ್ ತೆಗೆದುಕೊಂಡ.

ಬೇಸಿಗೆ ಬಂತು. ಹೊಸ ಕುರ್ಚಿಯ ಮೊದಲ ದಿನ ಪ್ರೆಬೆನ್ ಬಾಗಿಲು ಹಾಕಿಕೊಂಡು ಬೆಳಗಿನಿಂದ ಮಧ್ಯಾಹ್ನದವರೆಗೆ ಟೈಪು ಮಾಡಿದ. ಅವನು ಕೆಲಸ ಮಾಡುವ ಸದ್ದನ್ನು ಆಫೀಸು ಕೇಳಿದ್ದು ಅದೇ ಮೊದಲು. ಜವಾಬ್ದಾರಿ ಬಂದರೆ ಮನುಷ್ಯ ಬದಲಾಗುತ್ತಾನೆ ಎಂದು ಊಟದ ಮೇಜಿನಲ್ಲಿ ಎಲ್ಲರೂ ಮೆಚ್ಚಿಕೊಂಡರು. ಅಷ್ಟರಲ್ಲಿ ಟೋವೆಯ ಫೋನು ಸದ್ದು ಮಾಡಿತು. ಅವಳ ಪ್ರೊಫೈಲಿಗೆ ಮೊದಲ ಶಿಫಾರಸು ಬಂದಿತ್ತು, ಕೆಳಗೆ ಪ್ರೆಬೆನ್‌ನ ಹೆಸರಿತ್ತು.

'ಟೋವೆಯಂಥ ಅಪ್ಪಟ ಚಿನ್ನವನ್ನು ನಮ್ಮಂಥ ಸಣ್ಣ ಕಂಪನಿಯಲ್ಲಿ ಕಟ್ಟಿಹಾಕುವುದು ಅನ್ಯಾಯ. ಯಾರಾದರೂ ದೊಡ್ಡವರು ಬೇಗ ಬಂದು ಕರೆದುಕೊಂಡು ಹೋಗಲಿ.'