ಒಂದು ಹನಿಯೂ ಬಿದ್ದಿಲ್ಲ

“ಈ ಊರಿನ ಹಿಂದೆ ಒಂದು ಗುಡ್ಡ ಇತ್ತು, ತಾಯಿ. ಒಂದು ಭಾನುವಾರ ನಮ್ಮಜ್ಜ ಈ ಆರ್ಗನ್ನಿನ ತಿದಿಯನ್ನ ಸ್ವಲ್ಪ ಜೋರಾಗಿ ಒತ್ತಿಬಿಟ್ಟ. ಸೋಮವಾರ ಎದ್ದು ನೋಡಿದ್ರೆ ಗುಡ್ಡಾನೇ ಇಲ್ಲ!”

ಚರ್ಚಿನ ಮುದುಕ ಕಾವಲುಗಾರನ ಮಾತಿಗೆ ಆರ್ಗನ್ ರಿಪೇರಿಯವಳು ನಗಲಿಲ್ಲ, ಏಣಿ ಕೇಳಿದಳು. ರಿಪೇರಿಯಾಗುತ್ತದೆ ಎಂದು ಅವಳು ಬರೆದುಕೊಟ್ಟರೆ ಆರ್ಗನ್ ಉಳಿಯುತ್ತಿತ್ತು. ಇಲ್ಲವೆಂದರೆ ನಾಳೆಯೇ ಬಿಚ್ಚಿ ಗುಜರಿಗೆ.

ಏಣಿ ತರಲು ಹೋದ ಮುದುಕ ಚರಿತ್ರೆ ಹೊತ್ತು ತಂದ. ಇದರ ಪೆಟ್ಟಿಗೆಗಾಗಿ ಮೂರು ಕಾಡು ಬೋಳಾದವು. ಒಳಗೆ ಗಾಳಿ ಹೊಕ್ಕರೆ ನುಡಿಯುವ ಲಕ್ಷ ತಗಡಿನ ಕೊಳವೆಗಳು. ಮುದುಕನ ಬಾಯಲ್ಲಿ ಸೊನ್ನೆಗೆ ಬರವಿರಲಿಲ್ಲ. ಯುದ್ಧದ ಕಾಲದಲ್ಲಿ ಒಂದು ಬಾಂಬು ಸೂರು ತೂತು ಮಾಡಿಕೊಂಡು ಒಳಗೆ ಬಿತ್ತು, ಹಾಡು ಮುಗಿಯಲಿ ಎಂದು ಸಿಡಿಯದೆ ಕಾದು ಕೂತಿತು.

“ಮುಗಿದ ಮೇಲೆ?”

“ಮನಸ್ಸು ಬರ್ಲಿಲ್ಲ ಅದಕ್ಕೆ.”

“ಅಜ್ಜಾ, ಏಣಿ.”

ಕೊನೆಗೂ ಏಣಿ ಬಂತು. ಮುದುಕ ಅದನ್ನು ಪೆಟ್ಟಿಗೆಗೆ ಆನಿಸಿ ಹಿಡಿದುಕೊಂಡ. ಅವಳು ಮೇಲೆ ಹತ್ತಿ ಪೆಟ್ಟಿಗೆಯ ಹಿಂಬಾಗಿಲು ತೆರೆದು ಟಾರ್ಚು ಬಿಟ್ಟಳು. ಹೊಳೆಯುವ ಮುಂಸಾಲಿನ ಕೊಳವೆಗಳ ಹಿಂದೆ ಇನ್ನೊಂದು ಕೊಳವೆಯೂ ಇರಲಿಲ್ಲ. ಕೊಳವೆ ನಿಲ್ಲಿಸುವ ತೂತುಗಳಷ್ಟೇ, ಸಾಲು ಸಾಲಾಗಿ. ಒಂದರಲ್ಲೂ ಧೂಳಿರಲಿಲ್ಲ, ಯಾರೋ ದಿನಾ ಒರೆಸುತ್ತಿದ್ದರು.

“ಮುಂದಿನವು ಬರೀ ನೋಟಕ್ಕೆ. ನುಡಿಯೋ ಕೊಳವೆಗಳೆಲ್ಲಿ?”

“ಇಲಿ ತಿಂದ್ವು. ಅಂತಿಂಥ ಇಲಿಯಲ್ಲ, ಕತ್ತೆ ಗಾತ್ರ...”

ಟಾರ್ಚಿನ ಬೆಳಕು ಮೇಲಕ್ಕೆ ಹೋಯಿತು. ಆರ್ಗನ್ನಿನ ನೆತ್ತಿಯ ಮೇಲೆ, ಸೂರಿನ ಹಲಗೆಗಳ ತುಂಬ, ಬೂದು ತಗಡಿನ ತೇಪೆಗಳು. ಒಂದು ತೇಪೆಯ ನಡುವೆ ಕೊಳವೆಯ ಗಾಳಿ ನುಡಿಯುವ ಸೀಳುಬಾಯಿ ಹಾಗೇ ಚಪ್ಪಟೆಯಾಗಿ ಉಳಿದಿತ್ತು.

“ಇವೆಲ್ಲ ಬಾಂಬು ಬಿದ್ದ ತೂತುಗಳಾ ಅಜ್ಜಾ?”

ಮುದುಕ ಬಾಯಿ ತೆರೆದ. ಹೊಸ ಕತೆಯೊಂದು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು.

“ಬಾಂಬೂ ಇಲ್ಲ, ಗುಡ್ಡಾನೂ ಇಲ್ಲ, ತಾಯಿ. ನಾನೇ. ಸೂರು ಸೋರ್ತಿತ್ತು. ಎಷ್ಟು ಸಲ ಹೇಳಿದ್ರೂ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಆರ್ಗನ್ ನೆನೆದು ಹಾಳಾಗುತ್ತಲ್ಲಾ ಅಂತ ಒಂದು ಸಣ್ಣ ಕೊಳವೆ ತೆಗೆದು, ಬಡಿದು, ತೂತಿಗೆ ಹೊಡೆದೆ. ಇಷ್ಟು ದೊಡ್ಡ ಹಾಡಲ್ಲಿ ಒಂದು ಸ್ವರ ಹೋದ್ರೆ ಯಾರಿಗೆ ಗೊತ್ತಾಗುತ್ತೆ? ಮುಂದಿನ ಮಳೆಗೆ ಪಕ್ಕದಲ್ಲಿ ಸೋರಿತು. ಅದರ ಮುಂದಿನ ಮಳೆಗೆ ಇನ್ನೊಂದು ಪಕ್ಕ...”

ಅವಳು ಇಳಿದು, ಕಾಗದ ಬಿಡಿಸಿ, ರಿಪೇರಿಯಾಗುವುದಿಲ್ಲ ಎಂದು ಒಂದೇ ಸಾಲು ಬರೆದಳು.

ಮುದುಕ ಇನ್ನೂ ಏಣಿ ಹಿಡಿದೇ ನಿಂತಿದ್ದ. “ಇದೊಂದು ಮಾತ್ರ ಸುಳ್ಳಲ್ಲ, ತಾಯಿ. ಬೇಕಾದ್ರೆ ಒಳಗೆ ಕೈಯಾಡಿಸಿ ನೋಡಿ. ಒಂದು ಹನಿಯೂ ಬಿದ್ದಿಲ್ಲ.”