ಗಂಟಲು ಸುಡದ ಹೊಗೆ

ಮೊಮ್ಮಗಳ ಬ್ಯಾಗನ್ನು ಸರೋಜಮ್ಮ ಮಂಚದ ಮೇಲೆ ಬೋರಲು ಹಾಕಿ ಕೊಡವಿದರು. ಪುಸ್ತಕ, ಚಾರ್ಜರ್, ಅರ್ಧ ತಿಂದ ಚಕ್ಕುಲಿ. ಅದು ಮಾತ್ರ ಇಲ್ಲ.

ಕೋಟಿನ ಜೇಬು ತಡವಿದರು. ದಿಂಬಿನ ಕವರಿನೊಳಗೆ ಕೈ ಹಾಕಿದರು. ಲಿವೋನಿಯಾದ ಆಫೀಸು ಬಿಟ್ಟ ಮಗ ದಿನೇಶ ನಾರ್ತ್‌ವಿಲ್‌ನ ಮನೆ ಮುಟ್ಟಲು ಇನ್ನು ಇಪ್ಪತ್ತೇ ನಿಮಿಷ. ಹೋದ ವಾರ ಬಾತ್‌ರೂಮಿನಲ್ಲಿ ಮಾವಿನ ಹಣ್ಣಿನ ವಾಸನೆ ಮೂಗಿಗೆ ಬಡಿದಾಗ ಅವನು ಮಗಳ ಮೇಲೆ ಕೂಗಾಡಿದ್ದ. “ಈ ಇ-ಸಿಗರೇಟು, ವೇಪು ಸೇದೋರಿಗೆ ಈ ಮನೇಲಿ ಜಾಗ ಇಲ್ಲ! ಅಮ್ಮ, ನೀನೂ ಇವಳ ಮೇಲೆ ಒಂದು ಕಣ್ಣಿಟ್ಟಿರು.” ಆಶ್ರಿತಾ ತಲೆ ತಗ್ಗಿಸಿ ಬೈಸಿಕೊಂಡಿದ್ದಳು.

“ಅಜ್ಜೀ! ವಾಟ್ ಆರ್ ಯು ಡೂಯಿಂಗ್?”

ಬಾಗಿಲಲ್ಲಿ ಆಶ್ರಿತಾ. ಡೆಟ್ರಾಯ್ಟಿನಲ್ಲಿ ಫಾರ್ಮಸಿ ಓದುವ ಇಪ್ಪತ್ತೆರಡರ ಹುಡುಗಿ.

“ಎಲ್ಲಿಟ್ಟಿದೀಯ ಹೇಳೇ. ನಿಮ್ಮಪ್ಪ ಬರೋದ್ರೊಳಗೆ ಅದು ನನ್ನ ಕೈಗೆ ಬರ್ಬೇಕು.”

“ಕಸಕ್ಕೆ ಹಾಕ್ಬಿಟ್ಟೆ.”

“ಸುಳ್ಳು. ಮುಖ ನೋಡಿದ್ರೆ ಗೊತ್ತಾಗಲ್ವಾ ನಂಗೆ?”

“ಪ್ರಾಮಿಸ್ ಅಜ್ಜಿ. ಇಟ್ಸ್ ಗಾನ್.”

“ಅದೇನು ಅಂಥಾ ವಿಷವೇನೇ? ಈ ಮನೇಲಿ ಒಬ್ರೂ ಕೆಮ್ಮಿದ್ದು ಕೇಳಿಲ್ಲ ನಾನು.”

“ಕೆಮ್ಮು ಬರಲ್ಲ, ಅದೇ ಪ್ರಾಬ್ಲಮ್! ಆ ಲಿಕ್ವಿಡ್‌ಗೆ ಆಸಿಡ್ ಸೇರಿಸಿರ್ತಾರೆ, ಗಂಟಲು ಸುಡಲ್ಲ. ಸುಡಲ್ಲ ಅಂತ ಇನ್ನೂ ಇನ್ನೂ ಎಳೀತಾರೆ. ನಿಕೋಟಿನ್ ಸರ್ರಂತ ರಕ್ತಕ್ಕೆ ಹೋಗಿ ಹಾರ್ಟ್ ಓಡೋಕೆ ಶುರು ಮಾಡತ್ತೆ.” ಬೆರಳಿಗೆ ಸಿಕ್ಕಿಸಿ ನಾಡಿ ಎಣಿಸುವ ಕ್ಲಿಪ್ಪನ್ನು ಅವಳು ಮೇಜಿನಿಂದ ಎತ್ತಿ ಹಿಡಿದಳು. “ಬೆಳಗ್ಗೆ ಇದ್ರಲ್ಲಿ ನೂರ ಹದಿನೆಂಟು ಬಂತು. ನಂಗೆ ಅಳುನೇ ಬಂದ್ಬಿಡ್ತು.”

ಸರೋಜಮ್ಮ ಮಂಚದ ಅಂಚಿಗೆ ಕುಳಿತರು. ಮೈಸೂರು ಬಿಡುವಾಗ ಮಗನ ಮಾತಿಗೆ ಕಟ್ಟುಬಿದ್ದು ಅವರು ನಲವತ್ತು ವರ್ಷದ ಹೊಗೆಸೊಪ್ಪು ಬಿಟ್ಟಿದ್ದರು. ದಿನೇಶ ಅದನ್ನು ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದ.

“ನಮ್ಮ ಹೊಗೆಸೊಪ್ಪಿಗೆ ಸುಣ್ಣ ಹಚ್ತಿದ್ವಿ. ಬಾಯಿ ಚುರ್ ಅನ್ನೋದು. ಸುಟ್ರೆ ಉಗೀಬಹುದಿತ್ತು.”

“ಇದನ್ನ ಉಗಿಯೋಕಾಗಲ್ಲ ಅಜ್ಜಿ.” ಹುಡುಗಿಯ ಕಣ್ಣು ತುಂಬಿತ್ತು. “ಅಪ್ಪಂಗೆ ನಾನು ಹೇಳಲ್ಲ. ನೀನೂ ಹೇಳ್ಬೇಡ. ಇಲ್ಲಿಗೆ ಮುಗೀತು, ಓಕೆ?”

“ಆಯ್ತು ಪುಟ್ಟ. ಮುಗೀತು.” ಸರೋಜಮ್ಮ ಅವಳ ತಲೆ ಸವರಿದರು.

ಕೆಳಗೆ ಗರಾಜಿನ ಬಾಗಿಲು ಸದ್ದು ಮಾಡಿತು.

“ಏನಮ್ಮ, ಸಿಕ್ತಾ ಅವಳ ರೂಮಲ್ಲಿ?” ಕೆಳಗಿಳಿದು ಬಂದ ತಾಯಿಯನ್ನು ದಿನೇಶ ಪಿಸುದನಿಯಲ್ಲಿ ಕೇಳಿದ.

“ಏನೂ ಇಲ್ಲ ಕಣೋ. ಚಿನ್ನದಂಥಾ ಹುಡುಗಿ, ಸುಮ್ನೆ ಬೈಬೇಡ. ನಾನೊಂದು ರೌಂಡ್ ವಾಕ್ ಹೋಗ್ಬರ್ತೀನಿ.”

ಶಾಲು ಹೊದ್ದರು. ಶೂ ಕಟ್ಟಿದರು. ಪಾಸ್‌ಪೋರ್ಟನ್ನು ಕೈಚೀಲಕ್ಕೆ ಸೇರಿಸಿದರು.

“ಅಲ್ಲಮ್ಮ, ದಿನಾ ವಾಕಿಂಗಿಗೂ ಪಾಸ್‌ಪೋರ್ಟಾ?” ದಿನೇಶ ನಕ್ಕ.

“ಪರದೇಶ ಕಣಪ್ಪ. ಯಾರಾದ್ರೂ ಕೇಳಿದ್ರೆ?”

ಅರ್ಧ ಮೈಲಿ ಆಚೆ, ಪೆಟ್ರೋಲು, ಸಿಗರೇಟು ಮಾರುವ ಗ್ಯಾಸ್ ಸ್ಟೇಷನ್ನಿನ ಕೌಂಟರಿನವನು ಎಪ್ಪತ್ತೊಂದರ ನರೆಗೂದಲು ನೋಡಿಯೂ, ಅಂಗಡಿಯ ನಿಯಮದಂತೆ, ವಯಸ್ಸಿನ ಪುರಾವೆಗೆ ಕೈ ಚಾಚಿದ: “ಸೇಮ್ ಮ್ಯಾಂಗೋ, ಗ್ರ್ಯಾಂಡ್‌ಮಾ?”