ಸೊನ್ನೆ ಗುಂಡಿ

ಅಕ್ಕನಿಗೆ ನಂಬಿಕೆ ಎಂಬುದೊಂದಿರಲಿಲ್ಲ. ತನ್ನ ಕೈ ಬಿಟ್ಟು ಬೇರೆ ಯಾರ ಕೈಯನ್ನೂ ನಂಬಿದವಳಲ್ಲ. ಈಗ ಕಾರ್ಖಾನೆಯ ಗಾಜಿನ ಬಾಗಿಲಾಚೆ ಅವಳು ನೋಡುತ್ತಿದ್ದದ್ದು ಒಡಹುಟ್ಟಿದ ತಂಗಿಯ ಕೈಯನ್ನು.

ಆ ಕಾರ್ಖಾನೆಯಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಸೆನ್ಸರ್ ಹಾಳೆ ತಯಾರಾಗುತ್ತಿತ್ತು. ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಡಿದೆಬ್ಬಿಸುವ ರೋಬೋಟ್ ಕೈಯ ಬೆರಳುಗಳಿಗೆ ಅದನ್ನು ಸುತ್ತುತ್ತಾರೆ. ಹಿಡಿತ ಎಷ್ಟು ಬಿಗಿಯಾಯಿತೆಂದು ಕೈಗೆ ಹೇಳುವುದು ಅದೇ. ತಂಗಿ ಹಾಳೆಗೆ ತಂತಿ ಬೆಸೆಯುತ್ತಾಳೆ. ಅಕ್ಕ ಅದನ್ನು ಮೇಜಿನ ಮೇಲೆ ಹರಡಿ, ಎಡಗೈಯಲ್ಲಿ ಸುಕ್ಕು ನೀವಿ, ಬಲಗೈಯಲ್ಲಿ ಸೊನ್ನೆ ಗುಂಡಿ ಒತ್ತಿ ಪಾಸು ಮಾಡುತ್ತಾಳೆ. ಆ ಗಳಿಗೆಯಲ್ಲಿ ಹಾಳೆಯ ಮೇಲೆ ಏನೂ ಇರಬಾರದು. ಇದ್ದರೆ ಅದರ ಭಾರವನ್ನೇ ಹಾಳೆ ಸೊನ್ನೆ ಎಂದು ಬಗೆಯುತ್ತದೆ. ಆಮೇಲೆ ರೋಬೋಟ್ ಎಷ್ಟು ಹಿಚುಕಿದರೂ ಸಾಲದು ಎನ್ನುತ್ತದೆ.

ಹೋದ ವಾರ ಆಸ್ಪತ್ರೆಯೊಂದರಲ್ಲಿ ರೋಬೋಟ್ ಹಿಡಿತಕ್ಕೆ ಒಬ್ಬ ಮುದುಕಿಯ ಮಣಿಕಟ್ಟು ಮುರಿದಿತ್ತು. ಆ ಹಾಳೆ, ತಂಗಿ ಜ್ವರ ಬಂದು ಮಧ್ಯಾಹ್ನವೇ ಮನೆಗೆ ಹೋದ ದಿನದ್ದು. ಅವಸರದಲ್ಲಿ ಬೆಸೆದಿದ್ದಾಳೆ ಎಂದುಕೊಂಡಳು ಅಕ್ಕ.

"ಯಾರ ತಪ್ಪು ಅಂತ ನಾಳೆಯೊಳಗೆ ಹೇಳಿ," ಎಂದಿದ್ದರು ಮ್ಯಾನೇಜರು. "ಇಲ್ಲಾಂದ್ರೆ ಇಬ್ರೂ ಮನೆಗೆ."

ಮಧ್ಯಾಹ್ನ ಕಾಫಿಗೆ ಕೂತಾಗ ತಂಗಿ ಸುಡುವ ಲೋಟ ಮುಟ್ಟಿ ಕೈ ಹಿಂದೆಳೆದುಕೊಂಡಿದ್ದಳು. ಅಕ್ಕ ತನ್ನದನ್ನು ಎಡಗೈಯಲ್ಲಿ ಎತ್ತಿ ಕುಡಿದಳು.

"ಅಕ್ಕಾ, ನಿನ್ನ ಎಡ ಹೆಬ್ಬೆರಳಲ್ಲಿ ಬೊಬ್ಬೆ ಬಂದಿದೆ."

"ಎಲ್ಲೋ ತಾಗಿರ್ಬೇಕು. ನನ್ನ ಬೆರಳು ಬಿಡು, ನಿನ್ನ ಕೈ ನೆಟ್ಟಗಿದ್ಯಾ ನೋಡ್ಕೋ."

ಈಗ ಎಲ್ಲರೂ ಹೋಗಿದ್ದರು. ತಂಗಿ ಪಾಸಾದ ಹಾಳೆಗಳ ಪೆಟ್ಟಿಗೆ ತೆರೆದಳು. ಒಂದೊಂದನ್ನೇ ತೆಗೆದು ಮೇಜಿನ ಮೇಲೆ ಹರಡಿ, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬಲಗೈಯಲ್ಲಿ ಸೊನ್ನೆ ಗುಂಡಿ ಒತ್ತತೊಡಗಿದಳು. ಅಕ್ಕ ಬಾಗಿಲು ತಳ್ಳಿದಳು.

"ನಾನು ಪಾಸು ಮಾಡಿದ್ದನ್ನ ಮುಟ್ಟೋಕೆ ನಿಂಗೇನೇ ಕೆಲ್ಸ?"

ತಂಗಿ ಬೆಚ್ಚಿದಳು. "ಎಂಟು ತಿಂಗ್ಳಿಂದ ದಿನಾ ಮುಟ್ತಿದೀನಿ. ನಿನಗೋಸ್ಕರ."

"ನನ್ನ ಹೊಟ್ಟೆ ಮೇಲೆ ಹೊಡೆಯೋದೂ ನನಗೋಸ್ಕರಾನಾ?"

ತಂಗಿ ಅಕ್ಕನ ಎಡಗೈಯ ಬೊಬ್ಬೆ ನೋಡಿದಳು. ಪೆಟ್ಟಿಗೆ ಮುಚ್ಚಿದಳು.

ಬೆಳಿಗ್ಗೆ ಅಕ್ಕ ತಂಗಿಯ ಹೆಸರು ಬರೆದುಕೊಟ್ಟಳು. ಮಧ್ಯಾಹ್ನದೊಳಗೆ ತಂಗಿಯ ಕೆಲಸ ಹೋಯಿತು. ಸಂಜೆಗೆ ಅವಳು ಬಟ್ಟೆಬರೆ ಕಟ್ಟಿಕೊಂಡು ಅಕ್ಕನ ಮನೆಯನ್ನೂ ಬಿಟ್ಟಳು.

ತಿಂಗಳು ಕಳೆದ ಮೇಲೆ ಆಸ್ಪತ್ರೆಗಳಿಂದ ಬಂದ ದೂರಿನ ಕಾಗದಗಳನ್ನು ಹಿಡಿದು ಮ್ಯಾನೇಜರು ಅಕ್ಕನ ಪಕ್ಕದಲ್ಲೇ ನಿಂತರು. ಅವಳು ಹಾಳೆ ಹರಡಿದಳು, ನೀವಿದಳು, ಗುಂಡಿಯತ್ತ ಬಲಗೈ ಚಾಚಿದಳು.

"ಮೊದ್ಲು ಹಾಳೆ ಮೇಲಿಂದ ಹೆಬ್ಬೆರಳು ತೆಗೀರಿ."

"ತೆಗ್ದಿದೀನಲ್ಲ ಸಾರ್," ಎಂದಳು ಅಕ್ಕ. ಆಮೇಲೆ ಕೆಳಗೆ ನೋಡಿದಳು. ಎಡ ಹೆಬ್ಬೆರಳು ಹಾಳೆಯ ಮೇಲೆಯೇ ಇತ್ತು.

ತಂಗಿ ಇದ್ದ ಎಂಟು ತಿಂಗಳಲ್ಲಿ ಮುರಿದದ್ದು ಒಂದು ಮಣಿಕಟ್ಟು. ಅವಳು ಹೋದ ಒಂದೇ ತಿಂಗಳಲ್ಲಿ, ಹನ್ನೊಂದು.